ಮೂರನೇ ಮಹಡಿಯ ಸೊನ್ನೆ

"ಕೈ ತೋರಿಸು."

"ಯಾಕೆ?"

"ತೋರಿಸು ಅಂದ್ರೆ ತೋರಿಸು."

ಸಾಂಡಾ ಸ್ಕೂಲ್ ಬ್ಯಾಗನ್ನು ಕೆಳಗಿಟ್ಟು ಬಲಗೈ ಚಾಚಿದಳು. ಬೆರಳ ತುದಿಯಲ್ಲಿ ಬಿಳಿ ಪುಡಿ ಇತ್ತು. ಮೂರನೇ ಮಹಡಿಯ ವಿಧವೆ ಸಿನ್ಯೋರಾ ಜೆಲಿಂಡಾ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು, ಮೆಟ್ಟಿಲ ಮೇಲೆ ಸೇರಿದ್ದವರ ಕಡೆಗೆ ಎತ್ತಿ ತೋರಿಸಿದರು.

"ನೋಡಿ ಎಲ್ರೂ. ಚಾಕ್‌ಪೀಸ್."

"ಅಂಗಳದಲ್ಲಿ ಕುಂಟೆಬಿಲ್ಲೆ ಆಡ್ತಿದ್ದೆ," ಎಂದಳು ಸಾಂಡಾ. "ಮನೆ ಬರೆಯೋಕೆ ಚಾಕ್‌ಪೀಸ್ ಬೇಡ್ವಾ?"

"ಕುಂಟೆಬಿಲ್ಲೆ ಅಂತೆ. ಕಳ್ಳರಿಗೆ ಗುರುತು ಹಾಕಿಕೊಡೋರು ಹೀಗೇ ಹೇಳೋದು."

ಇದೆಲ್ಲ ಶುರುವಾದದ್ದು ಭಾನುವಾರ, ಕಟ್ಟಡದ ವಾಟ್ಸ್ಯಾಪ್ ಗ್ರೂಪಿಗೆ ಬಂದ ಒಂದು ಫೋಟೊದಿಂದ. ಕಳ್ಳರು ಮೊದಲೇ ಬಂದು ಬಾಗಿಲ ಪಕ್ಕ ಗುರುತು ಹಾಕಿ ಹೋಗುತ್ತಾರಂತೆ. ತ್ರಿಕೋನ ಇದ್ದರೆ ಮನೆಯಲ್ಲಿ ಹೆಂಗಸು ಒಬ್ಬಳೇ. ಇಂಟು ಮಾರ್ಕ್ ಇದ್ದರೆ ಒಳ್ಳೆಯ ಮಾಲು. ಸೊನ್ನೆ ಇದ್ದರೆ ಕದಿಯಲು ಏನೂ ಇಲ್ಲ. ಫೋಟೊ ಯಾರು ತೆಗೆದದ್ದು, ಯಾವ ಊರಿನದು, ಯಾವ ವರ್ಷದ್ದು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಬಾಗಿಲು ತೆಗೆದು ಗೋಡೆ ನೋಡಿದರು. ನಾಲ್ಕು ಮನೆಗಳ ಕಾಲಿಂಗ್ ಬೆಲ್ ಕೆಳಗೆ ಚಾಕ್‌ಪೀಸಿನಲ್ಲಿ ಬರೆದ ಪುಟ್ಟ ಸೊನ್ನೆ ಇತ್ತು.

ಸೊನ್ನೆ ಸಿಕ್ಕವರು ನೆಮ್ಮದಿಯಾಗಿ ನಿದ್ದೆ ಮಾಡಬಹುದಿತ್ತು. ಮಾಡಲಿಲ್ಲ.

"ಸೊನ್ನೆನಾ? ನನ್ನ ಮನೆಗಾ?" ಎಂದು ಜೆಲಿಂಡಾ ಕಂಡಕಂಡವರನ್ನೆಲ್ಲ ಕೇಳಿದರು. "ನಮ್ಮೆಜಮಾನ್ರು ಬಿಟ್ಟುಹೋದ ಬೆಳ್ಳಿ ಸಾಮಾನು ನೋಡಿದ್ರೆ ಆ ಕಳ್ಳನಿಗೆ ತಲೆ ತಿರುಗುತ್ತೆ."

ಆ ಬೆಳ್ಳಿಯನ್ನು ಯಾರೂ ನೋಡಿರಲಿಲ್ಲ. ಜೆಲಿಂಡಾ ಯಾರನ್ನೂ ಒಳಗೆ ಕರೆಯುತ್ತಿರಲಿಲ್ಲ.

ಸೋಮವಾರ ಮೀಟಿಂಗ್ ನಡೆಯಿತು. ಠಾಣೆಯಿಂದ ಬರ್ಗಾಮಿನ್ ಎಂಬ ಅಧಿಕಾರಿ ಬಂದಿದ್ದರು.

"ಈ ಬೀದೀಲಿ ಹೋದ ವರ್ಷ ಮೂರು ಕಳ್ಳತನ ಆಗಿತ್ತು," ಎಂದರು ಅವರು. "ಈ ವರ್ಷ ಒಂದೇ ಒಂದು ಸೈಕಲ್. ಅದೂ ಬೇಕರಿ ಹಿಂದೆ ಸಿಕ್ತು. ಓನರೇ ಅಲ್ಲಿ ನಿಲ್ಲಿಸಿ ಮರ್ತಿದ್ರು."

ಸೈಕಲ್ಲಿನ ಓನರ್ ಬೊನಾಲ್ದೊ ಕೆಮ್ಮಿದರು. ಕಟ್ಟಡದ ಉಸ್ತುವಾರಿಯೂ ಅವರದೇ.

"ಹಾಗಾದ್ರೆ ನಾವು ಹೆದರ್ತಿರೋದು ಸುಳ್ಳಾ ಸಾರ್?" ಎಂದು ಅವರೇ ಕೇಳಿದರು.

"ಹೆದರಿಕೆ ನಿಜಾನೇ. ಕಳ್ಳ ಇಲ್ಲ, ಅಷ್ಟೆ. ಆ ಸೊನ್ನೆ ಹಾಕಿರೋದು ಇಂಟರ್ನೆಟ್ ಕೇಬಲ್ಲಿನವರು. ಕೇಬಲ್ ಬೇಡ ಅಂದ ಮನೆಗೆ ಸೊನ್ನೆ."

ಬರ್ಗಾಮಿನ್ ಗೋಡೆಗಳ ಫೋಟೊ ತೆಗೆದುಕೊಂಡು ಹೋದರು. ಕಳ್ಳತನ ಕಡಿಮೆಯಾಗಿದೆ ಎಂಬ ಸುದ್ದಿಗೆ ಇಡೀ ಕಟ್ಟಡ ಬೇಜಾರು ಮಾಡಿಕೊಂಡಿತು. ಯಾರೂ ಅದನ್ನು ನಂಬಲಿಲ್ಲ.

ಮಂಗಳವಾರ ಜೆಲಿಂಡಾ ಮನೆಯ ಸೊನ್ನೆ ಮಾಯವಾಗಿ, ಆ ಜಾಗದಲ್ಲಿ ಇಂಟು ಮಾರ್ಕ್ ಇತ್ತು. ಮಧ್ಯಾಹ್ನ ಸಾಂಡಾ ಸ್ಕೂಲಿಂದ ಬಂದು, ಅಂಗಳದಲ್ಲಿ ಆಡಿ, ಮೆಟ್ಟಿಲು ಹತ್ತುವ ಹೊತ್ತಿಗೆ ಜೆಲಿಂಡಾ ಬರ್ಗಾಮಿನ್ ಅವರನ್ನು ಮತ್ತೆ ಕರೆಸಿಯಾಗಿತ್ತು.

ಗಲಾಟೆ ಕೇಳಿ ಸಾಂಡಾಳ ಅಮ್ಮ ವಿಯೋರಿಕಾ ನಾಲ್ಕನೇ ಮಹಡಿಯಿಂದ ಇಳಿದು ಬಂದಳು. ಮೊಲ್ದೋವಾ ದೇಶದಿಂದ ಬಂದ ಅವಳಿಗೆ ಅಲ್ಲಿ ಎವಾರಿಸ್ತೊ ತಾತನನ್ನು ನೋಡಿಕೊಳ್ಳುವ ಕೆಲಸ. ತಾತನ ಮನೆಯ ಹಿಂದಿನ ಕೋಣೆಯೇ ತಾಯಿ ಮಗಳ ಮನೆ. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ ಎಂಬುದು ಸಾಂಡಾಗೆ ಚೆನ್ನಾಗಿ ಗೊತ್ತಿತ್ತು.

"ಎವಾರಿಸ್ತೊ ಅವರ ಮಗನಿಗೆ ಈಗ್ಲೇ ಫೋನ್ ಮಾಡ್ತೀನಿ," ಎಂದರು ಜೆಲಿಂಡಾ. "ಕಳ್ಳರ ಕೈಯಾಳುಗಳನ್ನ ಮನೇಲಿ ಇಟ್ಕೊಂಡಿದ್ದಾರೆ. ಸಂಜೆಯೊಳಗೆ ಇವರಿಬ್ಬರೂ ಖಾಲಿ ಮಾಡ್ಬೇಕು."

"ಮಗು ಏನೂ ಮಾಡಿಲ್ಲ ಸಿನ್ಯೋರಾ," ಎಂದಳು ವಿಯೋರಿಕಾ. ಮಗಳ ಕಡೆ ತಿರುಗಿದಳು. "ಸಾಂಡಾ, ನೀನು ಸುಮ್ನಿರು."

ಸಾಂಡಾ ಸುಮ್ಮನಿರಲಿಲ್ಲ.

"ಬೆಳಿಗ್ಗೆ ಬ್ರೆಡ್ ತರೋಕೆ ಇಳೀತಿದ್ದೆ. ಇವರೇ ಕರ್ಚೀಫಿಗೆ ಎಂಜಲು ಹಚ್ಚಿ ಸೊನ್ನೆ ಒರೆಸಿದ್ರು. ಆಮೇಲೆ ಇಂಟು ಹಾಕಿದ್ರು. ದೂರ ನಿಂತು ನೋಡಿ, ಒಂದು ಗೆರೆ ಸೊಟ್ಟಗಿದೆ ಅಂತ ತಿದ್ದಿದ್ರು ಬೇರೆ."

ಯಾರೂ ನಗಲಿಲ್ಲ. ಬೊನಾಲ್ದೊ ತಲೆಯೆತ್ತಿ ಚಾವಣಿಯ ಬಲ್ಬನ್ನು ಪರೀಕ್ಷಿಸತೊಡಗಿದರು. ಉಳಿದವರು ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

ಬರ್ಗಾಮಿನ್ ಮೊಬೈಲಿನಲ್ಲಿ ಹಳೆಯ ಫೋಟೊ ತೆಗೆದರು. "ನಿನ್ನೆ ನಾಲ್ಕು ಸೊನ್ನೆ ಇತ್ತು. ಈಗ ಹತ್ತಿ ಬರ್ತಾ ನೋಡ್ದೆ, ನಾಲ್ಕೂ ಇಂಟು ಆಗಿವೆ. ಯಾವ ಮಾರ್ಕೂ ಇಲ್ಲದ ಮನೆಗಳಿಗೂ ಇಂಟು ಬಂದಿದೆ. ಬೊನಾಲ್ದೊ ಅವ್ರೇ, ನಿಮ್ಮ ಮನೆ ಗೋಡೆಗೆ ಕಳ್ಳ ಮಾರ್ಕರ್ ಪೆನ್ನಲ್ಲೇ ಬರ್ದಿದ್ದಾನೆ. ಅಳಿಸಿ ಹೋಗ್ಬಾರ್ದು ಅಂತಿರ್ಬೇಕು."

ಬೊನಾಲ್ದೊ ಬಲ್ಬಿನಿಂದ ಕಣ್ಣು ಕೀಳಲಿಲ್ಲ.

"ಈ ಹುಡುಗಿ ಮೇಲೆ ಕಂಪ್ಲೇಂಟ್ ಬರ್ಕೊಳ್ಳಲಾ? ಬರ್ಕೊಂಡ್ರೆ ಯಾವ ಮಾರ್ಕು ಯಾರು ಹಾಕಿದ್ದು ಅಂತ ಪ್ರತಿ ಮನೇಲೂ ವಿಚಾರಿಸ್ಬೇಕಾಗುತ್ತೆ."

"ಬೇಡ ಬಿಡಿ ಸಾರ್," ಎಂದರು ಬೊನಾಲ್ದೊ. "ಚಿಕ್ಕ ಮಕ್ಕಳ ವಿಷಯ. ಯಾಕೆ ದೊಡ್ಡದು ಮಾಡೋದು."

ಹೌದು ಹೌದು ಎಂದರು ಎಲ್ಲರೂ. ಲಿಫ್ಟ್ ರಿಪೇರಿಗೆ ಎರಡು ವರ್ಷದಿಂದ ಕಿತ್ತಾಡುತ್ತಿದ್ದ ಕಟ್ಟಡ ಒಂದು ನಿಮಿಷದಲ್ಲಿ ಒಪ್ಪಿಕೊಂಡಿತು.

"ಫೋನ್ ಮಾಡ್ತೀರಾ ಸಿನ್ಯೋರಾ?" ಎಂದು ಬರ್ಗಾಮಿನ್ ಕೇಳಿದರು.

ಜೆಲಿಂಡಾ ಇಲ್ಲವೆಂದು ತಲೆಯಾಡಿಸಿ ಸಾಂಡಾಳ ಕೈ ಬಿಟ್ಟರು. ಜನ ಕರಗಿದರು. ಒಲೆಯ ಮೇಲೆ ತಾತನ ಸೂಪ್ ಇದೆ ಎಂದು ವಿಯೋರಿಕಾ ಓಡಿದಳು.

ಸಾಂಡಾ ಬ್ಯಾಗ್ ಎತ್ತಿಕೊಳ್ಳಲು ಬಗ್ಗಿದಳು. ಗೋಡೆ ಒರೆಸಲು ಬಟ್ಟೆ ತರುವ ಅವಸರದಲ್ಲಿ ಜೆಲಿಂಡಾ ಬಾಗಿಲನ್ನು ತೆರೆದೇ ಬಿಟ್ಟಿದ್ದರು.

ಒಳಗೆ ಒಂದು ಮೇಜು, ಒಂದು ಕುರ್ಚಿ. ಮೇಜಿನ ಮೇಲೆ ಒಂದು ತಟ್ಟೆ. ಗೋಡೆಯಲ್ಲಿ ಹಿಂದೊಮ್ಮೆ ಕಪಾಟು ನಿಂತಿದ್ದ ಜಾಗ ಮಾತ್ರ ಮಾಸದೆ ಉಳಿದಿತ್ತು. ಅದರ ಪಕ್ಕ ಅಂಥದೇ ಇನ್ನೊಂದು ಜಾಗ. ಕೋಣೆ ಎಷ್ಟು ಖಾಲಿ ಇತ್ತೆಂದರೆ ನಲ್ಲಿಯ ನೀರಿನ ಸದ್ದು ಅಲ್ಲಿ ದೊಡ್ಡದಾಗಿ ಕೇಳುತ್ತಿತ್ತು.

"ಏನ್ ನೋಡ್ತಿದ್ದೀಯ?" ಜೆಲಿಂಡಾ ಒದ್ದೆ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನನ್ನ ಬ್ಯಾಗ್."

ಜೆಲಿಂಡಾ ಅವಳ ಮುಖವನ್ನೇ ನೋಡಿದರು. ಬೈಯಲಿಲ್ಲ. ಗೋಡೆಯನ್ನೂ ಒರೆಸಲಿಲ್ಲ. ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಬೀಗ ತಿರುಗಿತು, ಮತ್ತೆ ತಿರುಗಿತು, ಇನ್ನೂ ಒಮ್ಮೆ ತಿರುಗಿತು.

ಕೆಳಗಿನ ಮೆಟ್ಟಿಲಿಂದ ಬೊನಾಲ್ದೊ ಕತ್ತು ಚಾಚಿದರು.

"ಏಯ್ ಪುಟ್ಟಿ," ಎಂದು ಪಿಸುಗುಟ್ಟಿದರು. "ಒಳಗೆ ನೋಡ್ದೆ ಅಲ್ವಾ? ಏನೇನಿದೆ?"

ಸಾಂಡಾ ಮಣಿಕಟ್ಟನ್ನು ಉಜ್ಜಿಕೊಂಡಳು. ಅದು ಇನ್ನೂ ಉರಿಯುತ್ತಿತ್ತು.

"ತುಂಬಾ ಇದೆ," ಎಂದಳು.

ಬೊನಾಲ್ದೊ ಮುಖ ಸಪ್ಪಗಾಯಿತು. ಸಾಂಡಾ ಬ್ಯಾಗ್ ಹೆಗಲಿಗೇರಿಸಿ ಮೇಲೆ ಹತ್ತಿದಳು.