ಲೈಟ್ ಬಂದೇ ಬರುತ್ತೆ

"ಕೋಡ್ ಎಲ್ಲಿ?"

ಪಿಸ್ತೂಲಿನ ಮೂತಿ ನನ್ನ ಕಿವಿಯ ಹಿಂದೆ ತಣ್ಣಗೆ ಕೂತಿತ್ತು. ನನ್ನ ತಲೆ ಪಿಕಪ್‌ನ ಸ್ಟೀರಿಂಗ್ ಕೆಳಗಿತ್ತು. ಕೈಯಲ್ಲಿ ಸ್ಕ್ಯಾನರ್.

ಅದರ ಪರದೆ ಖಾಲಿ. ಗಾಡಿಯ ದೋಷ ಹೇಳುವ ಕೋಡ್ ಒಂದೇ ಒಂದೂ ಇಲ್ಲ!

ನನ್ನ ರಿಪೇರಿ ಶೆಡ್ಡಿಗೆ ಬರುವವರೆಲ್ಲ ಈ ಪರದೆ ಖಾಲಿ ಇರಲಿ ಎಂದೇ ಬೇಡಿಕೊಳ್ಳುತ್ತಾರೆ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿಸುವುದೆಂದರೆ ಮಗಳ ಮದುವೆ ಮಾಡಿದಷ್ಟು ಖರ್ಚು, ನೋಡಿ. ಆದರೆ ಆ ದಿನ ಕೋಡ್ ಸಿಗದಿದ್ದರೆ ಒಬ್ಬ ಸಾಯುತ್ತಿದ್ದ.

ಆ ಒಬ್ಬ ನನ್ನ ಭಾವ. ಅಕ್ಕನ ಗಂಡ, ನನ್ನ ಓರಗೆಯವನು. ಹಿಂದಿನ ಸೀಟಿನಲ್ಲಿ ಕೈ ಕಟ್ಟಿಸಿಕೊಂಡು ಕೂತಿದ್ದ. ತುಟಿ ಒಡೆದಿತ್ತು.

ಪಿಸ್ತೂಲು ಹಿಡಿದವರು ಮೇಷ್ಟ್ರು. ಎಂದೂ ಪಾಠ ಹೇಳಿದವರಲ್ಲ. ಕದ್ದ ತಾಮ್ರ ಸಾಗಿಸುವುದು ಅವರ ದಂಧೆ. ಭಾವ ಅವರ ಡ್ರೈವರ್. ಎಲ್ಲದಕ್ಕೂ ಪುರಾವೆ ಕೇಳುತ್ತಾರೆಂದು ಜನ ಆ ಹೆಸರಿಟ್ಟಿದ್ದರು.

"ಇವನ ಕತೆ ಕೇಳು," ಮೇಷ್ಟ್ರು ಅಂದರು. "ಏರಲ್ಲಿ ಗೇರಿನ ಲೈಟ್ ಬಂತಂತೆ. ಗಾಡಿ ತೆವಳೋಕೆ ಶುರು ಮಾಡ್ತಂತೆ. ಸೇತುವೆ ಆಚೆ ಗ್ಯಾಂಗ್‌ನೋರು ಅಡ್ಡ ಹಾಕಿ ಮಾಲೆಲ್ಲ ಇಳಿಸ್ಕೊಂಡ್ರಂತೆ! ನಿಜವಾದ್ರೆ ಕೋಡ್ ಇರ್ಬೇಕಲ್ಲ? ಇಲ್ಲ ಅಂದ್ರೆ ಇವನೇ ಮಾರ್ಕೊಂಡಿದ್ದಾನೆ."

ನಾನು ಹಿಂದಕ್ಕೆ ತಿರುಗಿದೆ.

"ಭಾವ... ಬ್ಯಾಟರಿ ಮುಟ್ಟಿದ್ಯಾ?"

"ತಂತಿ ಕಿತ್ತು ಮತ್ತೆ ಹಾಕ್ದೆ ಕಣೋ. ಲೈಟ್ ಹೋಗ್ಲಿ ಅಂತ... ಎಲ್ಲಾ ಡ್ರೈವರ್‌ಗಳೂ ಮಾಡ್ತಾರಲ್ಲ!"

ಮಾಡುತ್ತಾರೆ. ಲೈಟ್ ಹೋಗುತ್ತದೆ. ಅದರ ಜೊತೆಗೆ ಕೋಡೂ ಅಳಿಸಿಹೋಗುತ್ತದೆ. ತನ್ನ ಪರವಾಗಿದ್ದ ಒಬ್ಬನೇ ಸಾಕ್ಷಿಯನ್ನು ಭಾವ ಕೈಯಾರೆ ಕೊಂದಿದ್ದ!

ಬಾನೆಟ್ ಎತ್ತಿದೆ. ಗೇರ್ ಆಯಿಲ್ ಅಳೆಯುವ ಕಡ್ಡಿ ಎಳೆದು ಮೇಷ್ಟ್ರ ಮೂಗಿಗೆ ಹಿಡಿದೆ. ಕೆಂಪಗಿರಬೇಕಾದ ಆಯಿಲ್ ಕಪ್ಪಾಗಿತ್ತು.

"ಸುಟ್ಟ ವಾಸನೆ ಬರ್ತಿದೆಯಲ್ಲ? ಒಳಗೆ ಕ್ಲಚ್ ಪ್ಲೇಟ್ ಜಾರ್ತಿವೆ. ಬಿಸಿಯಾದ್ರೆ ಲೈಟ್ ಬಂದೇ ಬರುತ್ತೆ."

"ವಾಸನೆ ಪುರಾವೆ ಅಲ್ಲ. ಲೈಟ್ ತೋರಿಸು."

"ನಿಂತಲ್ಲಿ ಬರಲ್ಲ ಮೇಷ್ಟ್ರೇ. ಭಾರ ಬೇಕು, ಏರು ಬೇಕು."

"ಇರೋದು ಒಂದೇ ಏರು. ಅದೂ ಸೇತುವೆ ಆಚೆ. ಅವರ ಜಾಗ."

"ಗೊತ್ತು."

ಮೇಷ್ಟ್ರು ನಕ್ಕರು. "ಗಾಡಿ ಹತ್ತು. ನೀನೇ ಓಡಿಸು. ತುದಿ ಮುಟ್ಟೋದ್ರೊಳಗೆ ಲೈಟ್ ಬರ್ಲಿಲ್ಲ ಅಂದ್ರೆ ನಿನ್ನ ಭಾವನ್ನ ಅಲ್ಲೇ ಇಳಿಸಿ ಬರೋದು."

ನಡು ಮಧ್ಯಾಹ್ನ. ಶೆಡ್ಡಿನಲ್ಲಿದ್ದ ಹಳೇ ಗೇರ್‌ಬಾಕ್ಸ್‌ಗಳನ್ನೆಲ್ಲ ಹಿಂದಕ್ಕೆ ಹೇರಿಕೊಂಡು ಹೊರಟೆವು. ಸೇತುವೆ ದಾಟಿದೆವು. ಏರು ಶುರುವಾಯಿತು.

ಮೊದಲ ತಿರುವು. ಗೇರು ಬೆಣ್ಣೆಯ ಹಾಗೆ ಬದಲಾಯಿತು.

ಎರಡನೆಯ ತಿರುವು. ಅದೇ ಬೆಣ್ಣೆ!

ಹಾಳಾದ ಗಾಡಿ! ಡಾಕ್ಟರ ಮುಂದೆ ಕೂತ ಕೂಡಲೇ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ ಇದೂ ನನ್ನ ಕೈಗೆ ಬಂದ ಕೂಡಲೇ ಸಂಭಾವಿತನಂತೆ ಆಗಿಬಿಟ್ಟಿತ್ತು. ಹಿಂದಿನಿಂದ ಭಾವನ ಪಿಸುಮಾತು ಕೇಳುತ್ತಿತ್ತು.

"ಬಾರೇ ತಾಯಿ... ಒಂದ್ಸಲ ಬಾರೇ..."

ಆಗ ಕನ್ನಡಿಯಲ್ಲಿ ಜೀಪು ಕಾಣಿಸಿತು.

"ಅವರೇ!" ಮೇಷ್ಟ್ರು ಚೀರಿದರು. "ಒತ್ತೋ!"

ಒತ್ತಿದೆ. ಪಿಕಪ್ ಗರ್ಜಿಸಿ ನೆಗೆಯಿತು. ತಿರುವಿನಲ್ಲಿ ಟೈರು ಕಿರುಚಿತು. ಹಿಂದೆ ಗೇರ್‌ಬಾಕ್ಸ್‌ಗಳು ಒಂದಕ್ಕೊಂದು ಗುದ್ದಿಕೊಂಡವು. ಠಳ್! ಹಿಂದಿನ ಗಾಜು ಒಡೆದು ಗುಂಡೊಂದು ಹಾದುಹೋಯಿತು. ಭಾವ ಸೀಟಿನ ಕೆಳಗೆ ಜಾರಿದ.

ಜೀಪು ಹಿಂದೆ ಬಿತ್ತು. ಇನ್ನೂ ಹಿಂದೆ. ಏರಿನ ತುದಿ ಕಣ್ಣಿಗೆ ಕಂಡಿತು.

ತಪ್ಪಿಸಿಕೊಂಡರೆ ಭಾವ ಸಾಯುತ್ತಾನೆ. ಲೈಟ್ ಬಂದರೆ ಎಲ್ಲರೂ ಸಾಯುತ್ತೇವೆ. ಅತ್ತ ದರಿ, ಇತ್ತ ಪುಲಿ.

ಧಡ್!

ಗಾಡಿಯನ್ನು ಯಾರೋ ಹಿಂದಿನಿಂದ ಹಿಡಿದೆಳೆದ ಹಾಗಾಯಿತು. ಸ್ಟೀರಿಂಗ್ ಹಿಂದೆ ಕಿತ್ತಳೆ ಬಣ್ಣದ ಲೈಟ್ ಹೊತ್ತಿಕೊಂಡಿತು. ಗೇರ್‌ಬಾಕ್ಸ್ ತನ್ನ ಜೀವ ಉಳಿಸಿಕೊಳ್ಳಲು ಮೂರನೇ ಗೇರಿಗೆ ಅಂಟಿಕೊಂಡಿತ್ತು. ಇನ್ನು ಕಾಲಿಗೆ ಬಿದ್ದರೂ ಬಿಡುವುದಿಲ್ಲ.

"ಬಂತು!" ಭಾವ ಎದ್ದು ಕೂತ. ಅಳುತ್ತಿದ್ದ, ನಗುತ್ತಿದ್ದ. "ನೋಡಿ ಮೇಷ್ಟ್ರೇ, ಬಂತು! ನಾನು ಹೇಳ್ಲಿಲ್ವಾ?"

"ಏನಾದ್ರೂ ಮಾಡೋ!" ಮೇಷ್ಟ್ರು ನನ್ನ ಭುಜ ಅಲುಗಿಸಿದರು.

"ಆಫ್ ಮಾಡಿ ಆನ್ ಮಾಡಿದ್ರೆ ಗೇರ್ ವಾಪಸ್ ಬರ್ಬಹುದು..."

"ಮಾಡು!"

"ಬೇಡ ಕಣೋ!" ಭಾವ ಕೂಗಿದ. "ಲೈಟ್ ಹೋಗ್ಬಿಡುತ್ತೆ! ಆಮೇಲೆ ಇವರು ನಂಬಲ್ಲ!"

ನನ್ನ ಕೈ ಕೀ ಮೇಲೆ ಒಂದು ಕ್ಷಣ ನಿಂತಿತು. ಅಷ್ಟು ಸಾಕಾಯಿತು. ಜೀಪು ಮುಂದೆ ಬಂದು ಅಡ್ಡ ನಿಂತಿತು.

ಬಂದೂಕು ಹಿಡಿದು ನಾಲ್ಕಾರು ಜನ ಇಳಿದರು. ಮೇಷ್ಟ್ರ ಪಿಸ್ತೂಲು ಕಿತ್ತುಕೊಂಡರು. ಅವರ ಮುಖಂಡ, ಒಬ್ಬ ಗಡ್ಡದವನು, ಕಿಟಕಿಯಲ್ಲಿ ಬಗ್ಗಿ ಉರಿಯುತ್ತಿದ್ದ ಲೈಟ್ ನೋಡಿದ.

"ಇನ್ನೂ ರಿಪೇರಿ ಮಾಡಿಸಿಲ್ವೇನ್ರೋ ಇದನ್ನ? ಹೋದ್ಸಲಾನೂ ಇಲ್ಲೇ ತೆವಳ್ತಿತ್ತು!"

ಮೇಷ್ಟ್ರು ನಿಧಾನವಾಗಿ ಹಿಂದಕ್ಕೆ ತಿರುಗಿದರು. "ನೀನು ಪಾಸಾದೆ ಕಣೋ," ಅಂದರು. ಭಾವ ಒಡೆದ ತುಟಿಯಲ್ಲೇ ನಕ್ಕ. ಅಷ್ಟು ಹಗುರಾದ ಮುಖ ನಾನು ಅವನ ಮದುವೆಯ ದಿನವೂ ನೋಡಿರಲಿಲ್ಲ.

"ಗಾಡಿ ಚೆನ್ನಾಗಿದೆ. ನಮಗಿರ್ಲಿ," ಗಡ್ಡದವನು ಅಂದ. "ನಿಮ್ಮಲ್ಲಿ ಮೆಕ್ಯಾನಿಕ್ ಯಾರು?"

"ನಾನು," ಅಂದೆ. "ಇವನು ನನ್ನ ಹೆಲ್ಪರ್. ಇವನಿಲ್ದೆ ಕೆಲಸ ಆಗಲ್ಲ..."

ಗಡ್ಡದವನು ಭಾವನ ಗದ್ದ ಹಿಡಿದೆತ್ತಿದ. ದಿಟ್ಟಿಸಿ ನೋಡಿದ. ಆಮೇಲೆ ಗಹಗಹಿಸಿ ನಕ್ಕ.

"ಹೆಲ್ಪರ್ರಾ? ಹೋದ್ಸಲ ಗಾಡಿ ಸಮೇತ ತಪ್ಪಿಸ್ಕೊಂಡ ಡ್ರೈವರ್ ಇವನೇ ಅಲ್ವೇನೋ? ನಮ್ಮ ಮುಖ ಎಲ್ಲಾ ನೋಡಿರೋನು!"

ರಿಪೇರಿಗೆ ಬೇಕೆಂದು ನನ್ನೊಬ್ಬನನ್ನು ಬಿಟ್ಟು, ಭಾವನನ್ನೂ ಮೇಷ್ಟ್ರನ್ನೂ ರಸ್ತೆಯಂಚಿಗೆ ಕರೆದೊಯ್ದರು. ಎರಡು ಸದ್ದು. ನಾನು ಆ ಲೈಟನ್ನೇ ನೋಡುತ್ತಾ ಕೂತಿದ್ದೆ. ಅಕ್ಕನ ಎದುರು ನಿಲ್ಲುವ ಧೈರ್ಯ ನನಗೆ ಇಂದಿಗೂ ಇಲ್ಲ.

ಭಾವ ಮೊದಲಿನಿಂದ ಕೊನೆಯವರೆಗೆ ನಿಜವನ್ನೇ ಹೇಳಿದ. ಸುಳ್ಳು ಹೇಳಿದವನು ನಾನೊಬ್ಬನೇ... ಬದುಕಿದವನೂ ನಾನೊಬ್ಬನೇ!