ಎರಡು ಸಲ ನಲವತ್ತು

“ಟೈಮ್ ನೋಡಿದ್ಯಾ ಪುಟ್ಟಿ? ನೀರು ಎಷ್ಟೊತ್ತಿಗೆ ನಿಲ್ಲುತ್ತೆ?” ಬೋಟಿನ ಎಂಜಿನ್ ಬಿಚ್ಚಿ ಕೂತಿದ್ದ ಅಪ್ಪ ತಲೆಯೆತ್ತದೆ ಕೇಳಿದ. ಅವನ ಮೊಣಕೈವರೆಗೂ ಗ್ರೀಸು.

ಪುಟ್ಟಿ ಉಬ್ಬರವಿಳಿತದ ಪುಸ್ತಕದಲ್ಲಿ ಬೆರಳಿಟ್ಟು ಹುಡುಕಿದಳು. ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ. ಆದರೆ ಅದು ದೊಡ್ಡ ಬಂದರಿನ ಲೆಕ್ಕ. ಸಮುದ್ರದೊಳಕ್ಕೆ ಚಾಚಿಕೊಂಡಿರುವ ಕಲ್ಲುಗುಡ್ಡವನ್ನು ಎಲ್ಲರೂ ‘ಮೂಗು’ ಅನ್ನುತ್ತಿದ್ದರು. ಅಲ್ಲಿ ನೀರಿನ ಸೆಳೆತ ನಲವತ್ತು ನಿಮಿಷ ತಡವಾಗಿ ನಿಲ್ಲುತ್ತದೆ. ನಿಂತರೂ ಕಾಲು ಗಂಟೆ ಅಷ್ಟೇ. ಅಷ್ಟರೊಳಗೆ ದಾಟಿಬಿಡಬೇಕು. ಆಮೇಲೆ ನೀರು ತಿರುಗಿ ಎದುರಿಗೆ ನುಗ್ಗುತ್ತದೆ. ಅಪ್ಪನ ಚಿಕ್ಕ ಬೋಟಿಗೆ ಅದು ಆಗದ ಮಾತು.

ನಲವತ್ತು ಸೇರಿಸಬೇಕು ಅಂತ ಅಪ್ಪನೇ ಹೋದ ವರ್ಷ ಹೇಳಿಕೊಟ್ಟಿದ್ದ. ಪುಟ್ಟಿ ಸೇರಿಸಿದಳು. ಅಪ್ಪನಿಗೆ ಒಂದು ಕೆಲಸ ಕಡಿಮೆಯಾಯಿತಲ್ಲ!

“ಎರಡು ಗಂಟೆ!” ಎಂದು ಕೂಗಿದಳು.

“ಸರಿ. ನೀನು ಅಮ್ಮನ ಬಟ್ಟೆ ಬ್ಯಾಗಿಗೆ ತುಂಬು. ಹೊರಡೋವಾಗ ಕರೀತೀನಿ.”

ಅಮ್ಮ ಮೂಗಿನ ಆಚೆ, ಆಸ್ಪತ್ರೆಯಲ್ಲಿದ್ದಳು. ನಾಳೆ ಬೆಳಿಗ್ಗೆ ಏಳಕ್ಕೆ ಅವಳ ಹೊಟ್ಟೆಯ ಆಪರೇಷನ್. ನೋಡಲು ಇವತ್ತು ಐದು ಗಂಟೆಯವರೆಗೆ ಮಾತ್ರ ಬಿಡುತ್ತಾರೆ. ಸೇತುವೆ ಕುಸಿದು ಬಸ್ಸೂ ನಿಂತುಹೋಗಿತ್ತು. “ಆಪರೇಷನ್‌ಗೆ ಮುಂಚೆ ನಿನ್ನನ್ನ ಒಂದ್ಸಲ ನೋಡ್ಬೇಕು ಕಣೇ,” ಎಂದು ಅಮ್ಮ ನಿನ್ನೆ ಫೋನಿನಲ್ಲಿ ಹೇಳಿದ್ದಳು. ಬೋಟಿನ ಪ್ಲಾನೆಲ್ಲ ಅದಕ್ಕೇ.

ಅಪ್ಪ ಕರೆದಾಗ ಪುಟ್ಟಿ ಗಡಿಯಾರ ನೋಡಲಿಲ್ಲ. ಅಮ್ಮನನ್ನು ನೋಡುವ ಖುಷಿಯಲ್ಲಿ ಗಡಿಯಾರ ಯಾರಿಗೆ ಬೇಕು?

ಅರ್ಧ ಗಂಟೆಯಲ್ಲಿ ಮೂಗು ಹತ್ತಿರ ಬಂತು. ಅಪ್ಪ ಎದ್ದು ನಿಂತ. ಮುಂದೆ ಅಲೆಗಳು ಬೆಳ್ಳಗೆ ನೊರೆ ಕಾರುತ್ತಾ ನಿಂತಲ್ಲೇ ಎದ್ದೆದ್ದು ಬೀಳುತ್ತಿದ್ದವು.

“ಇದೇನಿದು? ನೀರು ಆಗ್ಲೇ ತಿರುಗಿಬಿಟ್ಟಿದೆ!”

ಎಂಜಿನ್ನನ್ನು ಪೂರ್ತಿ ಜೋರು ಮಾಡಿದ. ಅದು ಅರಚಿತು. ಬೋಟಿನ ಮೂತಿ ಮೇಲೆದ್ದು ದಬ್ಬನೆ ಬಿತ್ತು. ಉಪ್ಪುನೀರು ಮುಖಕ್ಕೆ ರಾಚಿತು. ಹತ್ತು ನಿಮಿಷ ಕಳೆದರೂ ಪಕ್ಕದಲ್ಲಿ ಅದೇ ಬಂಡೆ, ಬಂಡೆಯ ಮೇಲೆ ಅದೇ ಹಕ್ಕಿ.

“ಪುಸ್ತಕದಲ್ಲಿ ಎರಡು ಗಂಟೆ ಅಂತ ಇತ್ತಲ್ವಾ?” ಅಪ್ಪ ಕೇಳಿದ.

“ಪುಸ್ತಕದಲ್ಲಿ ಒಂದೂ ಇಪ್ಪತ್ತು. ನಾನೇ ನಲವತ್ತು ಸೇರಿಸಿ ಹೇಳ್ದೆ.”

ಅಪ್ಪ ಅವಳನ್ನೇ ನೋಡಿದ. “ನಾನೂ ಸೇರಿಸ್ದೆ ಮಗಳೇ. ಎರಡೂ ನಲವತ್ತಕ್ಕೆ ನಿಲ್ಲುತ್ತೆ ಅಂದ್ಕೊಂಡೆ.”

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ. ಬೋಟು ತಿರುಗಿಸಿದ.

“ಇನ್ನೊಂದ್ಸಲ ನೀರು ನಿಲ್ಲಲ್ವಾ ಅಪ್ಪ?”

“ನಿಲ್ಲುತ್ತೆ, ರಾತ್ರಿ ಎಂಟರ ಮೇಲೆ. ಕತ್ತಲಲ್ಲಿ ಈ ಬಂಡೆಗಳ ಹತ್ತಿರ ಬರೋಕಾಗಲ್ಲ. ಬಂದ್ರೂ ಅಷ್ಟೊತ್ತಿಗೆ ಒಳಗೆ ಬಿಡಲ್ಲ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು. ಪುಟ್ಟಿ ಒದ್ದೆ ಬ್ಯಾಗನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನಾಳೆ ಅಮ್ಮನಿಗೆ ಏನಾದರೂ ಆದರೆ? ಆಮೇಲೆ ಎಷ್ಟು ಅತ್ತರೂ ಇವತ್ತಿನ ಮಧ್ಯಾಹ್ನ ವಾಪಸ್ ಬರುತ್ತದೆಯೇ? ಜಾಣೆಯಾಗಲು ಹೋಗಿ ಎಲ್ಲ ಹಾಳು ಮಾಡಿದೆ ಅನ್ನಿಸಿತು.

ದಡ ಸೇರಿದ ಮೇಲೆ ಅಪ್ಪ ಅಮ್ಮನಿಗೆ ಫೋನ್ ಮಾಡಿದ. “ದಾಟೋಕಾಗ್ಲಿಲ್ಲ ಕಣೇ. ನಂದೇ ಲೆಕ್ಕ ತಪ್ಪಿತು,” ಅಂದ. ಫೋನನ್ನು ಪುಟ್ಟಿಯ ಕೈಗಿಟ್ಟ.

ತಪ್ಪು ನನ್ನದು ಅಮ್ಮ, ಸಾರಿ. ಮಾತು ಗಂಟಲವರೆಗೂ ಬಂದಿತ್ತು.

“ಪರವಾಗಿಲ್ಲ ಪುಟ್ಟಿ, ಅಳ್ಬೇಡ,” ಅಂದಳು ಅಮ್ಮ. ಅವಳ ದನಿ ನಡುಗುತ್ತಿತ್ತು. “ಫೋನ್ ಮಾತ್ರ ಇಡ್ಬೇಡ. ಏನಾದ್ರೂ ಮಾತಾಡ್ತಾ ಇರು.”

ಅಮ್ಮ ಎಂದೂ ಹೀಗೆ ಕೇಳಿದವಳಲ್ಲ. ‘ಸಾಕು ಇಡೇ, ಚಾರ್ಜ್ ಮುಗಿಯುತ್ತೆ’ ಅನ್ನುವವಳು. ಅಮ್ಮನಿಗೂ ಹೆದರಿಕೆಯಾಗಿದೆ! ಈಗ ತಾನು ಸಾರಿ ಕೇಳಿ ಅತ್ತರೆ ಅಮ್ಮನೇ ಸಮಾಧಾನ ಮಾಡಬೇಕಾಗುತ್ತದೆ.

ಪುಟ್ಟಿ ಆ ಮಾತನ್ನು ನುಂಗಿಕೊಂಡು ಕಣ್ಣೊರೆಸಿಕೊಂಡಳು.

“ಅಮ್ಮ, ನಿನ್ನೆ ಕ್ಲಾಸಲ್ಲಿ ಏನಾಯ್ತು ಗೊತ್ತಾ? ನಮ್ಮ ಡ್ರಿಲ್ ಮೇಷ್ಟ್ರು ಸೀಟಿ ಊದಿದ್ರೆ ಸೌಂಡೇ ಬರ್ಲಿಲ್ಲ. ಯಾರೋ ಒಳಗೆ ಚ್ಯೂಯಿಂಗ್ ಗಮ್ ತುರುಕಿದ್ರು…”

ಆ ಕಡೆ ಅಮ್ಮ ಅಳುವುದು ಕೇಳಿಸುತ್ತಿತ್ತು. ಪುಟ್ಟಿ ನಿಲ್ಲಿಸಲಿಲ್ಲ. ಮೇಷ್ಟ್ರ ಕತೆ ಮುಗಿದ ಮೇಲೆ ಇನ್ನೊಂದು ಹುಡುಕಿದಳು. ನರ್ಸ್ ಬಂದು ಫೋನ್ ಇಡಿ ಅನ್ನುವವರೆಗೂ ಮಾತಾಡುತ್ತಲೇ ಇದ್ದಳು.