ನಾಲ್ಕನೆಯ ದಶಾಂಶದ ಸುಳ್ಳು

ನಾನು ಜೀವನದಲ್ಲಿ ಹೇಳಿದ ದೊಡ್ಡ ಸುಳ್ಳು ಅಂದ್ರೆ ಒಂದು ವೋಲ್ಟಿನ ಹತ್ತು ಸಾವಿರದಲ್ಲಿ ನಾಲ್ಕು ಪಾಲಿನಷ್ಟು. ಅಷ್ಟು ವ್ಯತ್ಯಾಸ ಮನೆಯ ಬಲ್ಬಿಗೂ ಗೊತ್ತಾಗಲ್ಲ. ಆದರೂ ಅದರಿಂದ ರೋವೀನಾಗೆ ಮುಖ ತೋರಿಸಲಾರದೆ ಆರು ವಾರ ಒದ್ದಾಡಿದೆ. ಹೇಗೆ ಅಂತ ಮೊದಲಿಂದ ಹೇಳ್ತೀನಿ.

ನನ್ನ ಹೆಸರು ನೆವಿಲ್. ಹ್ಯಾಲಿಫ್ಯಾಕ್ಸಿನಲ್ಲಿ ಲಿಫ್ಟ್ ರಿಪೇರಿ ಕೆಲಸ, ವಯಸ್ಸು ನಲವತ್ತೊಂಬತ್ತು. ಅರವತ್ತು ವರ್ಷ ಹಳೆಯ ಅಳತೆ ಮೀಟರುಗಳನ್ನು ತಂದು, ಬಿಚ್ಚಿ, ಮತ್ತೆ ಜೀವ ಬರಿಸೋದು ಹವ್ಯಾಸ. ಅದರಿಂದ ಏನು ಪ್ರಯೋಜನ ಅಂತ ನನ್ನ ತಂಗಿ ವರ್ಷಕ್ಕೊಮ್ಮೆ ಕೇಳ್ತಾಳೆ. ನಾನು ವರ್ಷಕ್ಕೊಮ್ಮೆ ಮಾತು ತೇಲಿಸ್ತೀನಿ.

ರೋವೀನಾಳನ್ನು ಮೊದಲು ನೋಡಿದ್ದು ಹತ್ತಿರದ ಊರು ಟಾಡ್‌ಮರ್ಡನ್ನಿನ ಚಾಪೆಲ್ ಹಾಲಿನಲ್ಲಿ, ಹಳೇ ರೇಡಿಯೋ ಸಾಮಾನು ಮಾರುವ ಒಂದು ಶನಿವಾರ ಬೆಳಗ್ಗೆ. ನನಗೆ ಬೇಕಾಗಿದ್ದ ಮೀಟರ್ ಒಂದು ಮೇಜಿನ ಮೇಲಿತ್ತು. ಐದು ಗುಂಡಿ, ಮಧ್ಯೆ ಒಂದು ಮುಳ್ಳು. ಗುಂಡಿಗಳನ್ನು ಒಂದೊಂದಾಗಿ ತಿರುಗಿಸುತ್ತಾ ಮುಳ್ಳನ್ನು ಸೊನ್ನೆಗೆ ತಂದರೆ, ಗುಂಡಿಗಳ ಮೇಲೆ ಕಾಣೋ ಅಂಕಿಯೇ ವೋಲ್ಟು. ಅಂಗಡಿಯವನು ಎಲ್ಲೋ ಹೋಗಿದ್ದ. ಮೊಣಕಾಲು ನೋಯ್ತಿತ್ತು ಅಂತ ಅವನ ಕುರ್ಚಿಯಲ್ಲಿ ಕೂತೆ.

ಅವಳು ಬಂದಳು. ನೀಲಿ ಕಾರ್ಡಿಗನ್ನು, ಕೂದಲಲ್ಲಿ ಸಿಕ್ಕಿಸಿಕೊಂಡು ಮರೆತಿದ್ದ ಪೆನ್ಸಿಲ್ಲು. ನನ್ನ ಕಡೆ ನೋಡಲೂ ಇಲ್ಲ. ಬಗ್ಗಿ, ಮೀಟರಿನ ಹಿಂದಿನ ಕಿಂಡಿಗೆ ಮೂಗಿಟ್ಟು, ಕಣ್ಣು ಮುಚ್ಚಿ ಮೂಸಿದಳು.

"ಸುಟ್ಟಿಲ್ಲ," ಅಂತ ತನಗೇ ಹೇಳಿಕೊಂಡು ಆಮೇಲೆ ನನ್ನ ಕಡೆ ತಿರುಗಿದಳು. "ಇದನ್ನ ಕೊಡ್ತೀರಾ, ಇಲ್ಲ ಬರೀ ಶೋಕಿಗೆ ಇಟ್ಟಿದೀರಾ?"

ಇದು ನನ್ನ ಅಂಗಡಿಯಲ್ಲ, ಇದನ್ನು ಕೊಳ್ಳೋಕೇ ನಾನೂ ಬಂದಿದ್ದು ಅನ್ನಬೇಕಿತ್ತು. ಆ ಕಂದು ಕಣ್ಣುಗಳಲ್ಲಿ ಏನೋ ಒಂದು ಕುತೂಹಲ, ಒಳಗೇನಿದೆ ನೋಡೇಬಿಡೋಣ ಅನ್ನೋ ಥರದ್ದು. "ತಗೊಳ್ಳಿ" ಅಂದುಬಿಟ್ಟೆ. ಅಷ್ಟರಲ್ಲಿ ನಿಜವಾದ ಅಂಗಡಿಯವನು ಬೇಕನ್ ಸ್ಯಾಂಡ್‌ವಿಚ್ ತಿನ್ನುತ್ತಾ ಬಂದು, ಏಳಯ್ಯಾ ನನ್ನ ಕುರ್ಚಿಯಿಂದ ಅಂದ. ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ನನ್ನ ಕಿವಿಗಳನ್ನು ನೋಡಿದಳು.

"ಸುಳ್ಳು ಹೇಳಿದ್ರೆ ನಿಮ್ಮ ಕಿವಿ ಕೆಂಪಾಗುತ್ತೆ," ಅಂದಳು. "ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ. ಆವತ್ತಿನಿಂದ ಗೊತ್ತಾಯ್ತು. ಮೀಟರನ್ನು ಅವಳ ಕಾರಿನವರೆಗೆ ಹೊತ್ತುಕೊಂಡು ಹೋದೆ. ವಾಪಸ್ ಬಂದರೆ ಮೇಜಿನ ಕೆಳಗೆ ಅದರದೇ ಜೋಡಿ ಇನ್ನೊಂದಿತ್ತು, ಮೈಯೆಲ್ಲಾ ಕೊಳೆ, ಒಳಗೆ ಒಂದು ಸತ್ತ ಜೇಡ. ಅದನ್ನು ನಾನು ತಂದೆ.

ಹಳೇ ಮೀಟರ್ ಹುಚ್ಚಿನವರದು, ರೋವೀನಾಳೂ ಸೇರಿ, ಆರು ಜನರ ಗುಂಪು. ಅದರ ಹಿರಿಯ ಕ್ಲಿಫರ್ಡ್, ಎಂಬತ್ತಮೂರು ವರ್ಷ, ಟೆಲಿಫೋನ್ ಇಲಾಖೆಯಿಂದ ನಿವೃತ್ತ. ಹತ್ತು ವರ್ಷದ ಹಿಂದೆ ಅವನು ಟೀ ಡಬ್ಬಿಯಷ್ಟು ದೊಡ್ಡ ಒಂದು ಮರದ ಪೆಟ್ಟಿಗೆ ಮಾಡಿದ. ಅದು ಕೊಡೋದು ಹತ್ತು ವೋಲ್ಟು, ಹೆಚ್ಚುಕಮ್ಮಿ ಸರಿಯಾಗಿ. ಅಂಚೆಯಲ್ಲಿ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಸುತ್ತುತ್ತೆ. ಪ್ರತಿಯೊಬ್ಬರೂ ತಮ್ಮ ಹಳೇ ಮೀಟರಿನಲ್ಲಿ ಅಳೆದು, ಬಂದ ಅಂಕಿಯನ್ನು ಜೊತೆಗಿರುವ ಪುಸ್ತಕದಲ್ಲಿ ಬರೆದು ಮುಂದಕ್ಕೆ ಕಳಿಸಬೇಕು. ಪೆಟ್ಟಿಗೆಯ ಮೂಲೆಯಲ್ಲಿ ಒಂದು ಸಣ್ಣ ತಿರುಪು ಇದೆ. ಅದನ್ನು ತಿರುಗಿಸಿದರೆ ಹತ್ತು ವೋಲ್ಟು ಬದಲಾಗುತ್ತೆ, ಹಾಗಾಗಿ ಕ್ಲಿಫರ್ಡ್‌ನ ಹೆಂಡತಿ ಈನಿಡ್ ತನ್ನ ಕೆಂಪು ನೇಲ್ ಪಾಲಿಶ್ ಹಚ್ಚಿ ಅದನ್ನು ಮುಚ್ಚಿದ್ದಳು. ಈಗ ಈನಿಡ್ ಇಲ್ಲ. ಆ ಕೆಂಪು ಬೊಟ್ಟನ್ನು ಹತ್ತು ವರ್ಷದಲ್ಲಿ ಯಾರೂ ಮುಟ್ಟಿಲ್ಲ. ಪುಸ್ತಕದ ಅಷ್ಟೂ ಅಂಕಿಗಳಿಗೆ ಬೆಲೆ ಇರೋದು ಅದರಿಂದಲೇ.

ಇನ್ನೊಂದು ಕಟ್ಟಳೆ ಇದೆ. ಬರೆದವರು ತಮ್ಮ ಬರಹದ ಮೇಲೆ ಒಂದು ಕಾಗದದ ಮಡಿಕೆ ಅಂಟಿಸಬೇಕು. ಮುಂದಿನವರು ತಾವು ಅಳೆದು, ಇಂಕಿನಲ್ಲಿ ಬರೆದ ಮೇಲೆ ಮಾತ್ರ ಅದನ್ನು ಎತ್ತಿ ನೋಡಬೇಕು. ಬೀಗ ಇಲ್ಲ, ಕಾವಲಿಲ್ಲ. ಮರ್ಯಾದೆ ಅಷ್ಟೇ.

ಅಂಕಿಯ ಕೆಳಗೆ ಹರಟೆ ಬರೆಯೋದು ರೂಢಿ. ಕೆಡದ ಕೆಪ್ಯಾಸಿಟರನ್ನು ಯಾಕೆ ಬದಲಾಯಿಸ್ತೀರಿ ಅಂತ ಒಬ್ಬ, ನಿನ್ನ ಮೀಟರ್ ಹೊಗೆಯಾಡಿದಾಗ ಹೇಳು ಅಂತ ಇನ್ನೊಬ್ಬ. ನನಗಿಂತ ಮುಂಚಿನ ಸರದಿ ರೋವೀನಾಳದ್ದು. ಮೀಟರನ್ನು ಪೂರ್ತಿ ಬಿಚ್ಚಿ ಬಾತ್‌ಟಬ್ಬಿನಲ್ಲಿ ಸೋಪು ನೀರು ಹಾಕಿ ಸ್ನಾನ ಮಾಡಿಸಿದೆ, ಈಗ ಮದುವೆ ಹೆಣ್ಣಿನ ಹಾಗೆ ಹೊಳೀತಿದೆ ಅಂತ ಬರೆದಿದ್ದಳು. ಕೆಳಗೆ, "ಮುಂದಿನವರಿಗೆ: ಪೆಟ್ಟಿಗೆ ಸುತ್ತಿದ ಸ್ಪಂಜಿನ ಅಡಿಯಲ್ಲಿ ಶುಂಠಿ ಬಿಸ್ಕೆಟ್ ಇದೆ. ಜೇಡಕ್ಕೂ ಒಂದು ಕೊಡಿ." ಮುಂದಿನವನು ನಾನು. ಪೆಟ್ಟಿಗೆ ಬರುವ ದಿನ ಕೆಲಸಕ್ಕೆ ಅರ್ಧ ದಿನ ರಜೆ ಹಾಕ್ತಿದ್ದೆ, ಅದನ್ನೂ ನಿಜ ಹೇಳಿಬಿಡ್ತೀನಿ, ಅಳೆಯೋಕಲ್ಲ, ಆ ನಾಲ್ಕು ಸಾಲು ಓದೋಕೆ.

ಕಳೆದ ಶರತ್ಕಾಲದಲ್ಲಿ ತಡೆಯೋಕಾಗಲಿಲ್ಲ. ಮೀಟರ್ ಬಿಸಿಯಾಗಲು ಎರಡು ಗಂಟೆ ಬೇಕು. ಅಲ್ಲಿವರೆಗೆ ಯಾರು ಕಾಯ್ತಾರೆ ಅಂತ ಮಡಿಕೆ ಎತ್ತಿದೆ. ಅವಳ ಹರಟೆ ಓದಿದೆ, ನಕ್ಕೆ. ಅಂಕಿಯೂ ಕಣ್ಣಿಗೆ ಬಿತ್ತು: 10.0007. ಆಮೇಲೆ ನಾನು ಅಳೆದರೆ ಬಂದದ್ದು 10.0002.

ಅವಳದು ಸ್ನಾನ ಮಾಡಿದ ಮೀಟರು, ಮೂರು ಚಳಿಗಾಲ ಕೂತು ಮಾಡಿದ ಕೆಲಸ. ನನ್ನದು ಜೇಡನ ಮನೆ. ತಪ್ಪು ನನ್ನದೇ ಅಂದುಕೊಂಡೆ. ಅವಳ ಮುಂದೆ ದಡ್ಡ ಅನಿಸಿಕೊಳ್ಳೋಕೂ ಮನಸ್ಸಿರಲಿಲ್ಲ. 10.0006 ಅಂತ ಬರೆದೆ. ಏಳು ಅಂತಲೇ ಬರೆದರೆ ನಕಲು ಅಂತ ಗೊತ್ತಾಗುತ್ತಲ್ಲ.

ಮಾರ್ಚ್ ತಿಂಗಳಲ್ಲಿ ಕ್ಲಿಫರ್ಡ್ ಮನೆಯಲ್ಲಿ ಎಲ್ಲರೂ ಸೇರಿದೆವು. ಬಾಕಿ ನಾಲ್ವರಿಗೂ ಕೊನೆಯ ಅಂಕಿ ಎರಡು ಬಂದಿತ್ತು, ನಮ್ಮಿಬ್ಬರಿಗೆ ಮಾತ್ರ ಏಳು, ಆರು. ಗುಂಪಿನಲ್ಲಿ ಗಟ್ಟಿ ಗಂಟಲಿನವನು ಐವರ್. ಒಂದೇ ಮೇಜಿಂದ ತಂದ ಎರಡು ಗುಜರಿ, ಎರಡೂ ಸೇರಿಕೊಂಡು ಸುಳ್ಳು ಹೇಳ್ತಿವೆ ಅಂತ ಅಣಕಿಸಿದ. ರೋವೀನಾ ಸುಮ್ಮನಿರುವವಳಲ್ಲ. ನಾಲ್ಕೂ ಮೀಟರುಗಳನ್ನು ಸರಿಮಾಡಿಕೊಂಡಿದ್ದು ಐವರ್‌ನ ಮೀಟರ್ ನೋಡಿ ತಾನೇ, ಹಾಗಾದರೆ ನಾಲ್ಕು ಜನ ಹೇಳ್ತಿಲ್ಲ, ಒಬ್ಬನೇ ನಾಲ್ಕು ಸಲ ಹೇಳ್ತಿದಾನೆ ಅಂದಳು. ನಾವಿಬ್ಬರೂ ಬೇರೆ ಬೇರೆ ಮನೆಯಲ್ಲಿ, ಬೇರೆ ಬೇರೆ ಕೈಯಲ್ಲಿ, ಒಬ್ಬರನ್ನೊಬ್ಬರು ಕೇಳದೆ ಅಳೆದಿದ್ದೀವಿ, ಎರಡು ತಪ್ಪು ಅಷ್ಟು ಹತ್ತಿರ ಹೇಗೆ ಬರುತ್ತವೆ ಅಂತ ಕೇಳಿದಳು. ಕೆಟಲಿಗೆ ನೀರು ತುಂಬಿಸೋ ನೆಪದಲ್ಲಿ ನಾನು ಅಡುಗೆಮನೆಗೆ ಓಡಿದೆ, ಕಿವಿ ಎರಡೂ ಉರೀತಿದ್ವು.

ವಾಪಸ್ ಬರೋದರಲ್ಲಿ ಕ್ಲಿಫರ್ಡ್ ಪೆಟ್ಟಿಗೆಯನ್ನು ಅವಳ ಮಡಿಲಿಗೆ ಇಟ್ಟಿದ್ದ. ನನ್ನ ಕೈ ನಡುಗುತ್ತೆ, ಇನ್ನು ಇದರ ಜವಾಬ್ದಾರಿ ನಿನ್ನದು ಕಣಮ್ಮ ಅಂದ. ಪೆಟ್ಟಿಗೆ ದಾರಿ ತಪ್ಪಿದೆ, ಹತ್ತಕ್ಕಿಂತ ಜಾಸ್ತಿ ಕೊಡ್ತಿದೆ, ಮುಂದಿನ ಶನಿವಾರ ಪಾಲಿಶ್ ಕೆರೆದು ತಿರುಪು ತಿರುಗಿಸಿ ಸರಿಮಾಡ್ತೀನಿ ಅಂತ ಅವಳು ಹೇಳಿದಳು. ಕ್ಲಿಫರ್ಡ್ ಒಂದು ಕ್ಷಣ ಆ ಕೆಂಪು ಬೊಟ್ಟನ್ನು ಬೆರಳಿಂದ ಸವರಿದ. ನಿನಗೆ ಸರಿ ಅನಿಸಿದ್ದು ಮಾಡು ಅಂದ.

ಆ ವಾರ ನನಗೆ ಅನ್ನಾಹಾರ ರುಚಿಸಲಿಲ್ಲ. ಹೇಳಿದರೆ ಅವಳು ಹೋದಳು. ಹೇಳದಿದ್ದರೆ ಹತ್ತು ವರ್ಷದ ಪುಸ್ತಕ ಹೋಯ್ತು, ಈನಿಡ್‌ಳ ಬೊಟ್ಟೂ ಹೋಯ್ತು, ಅದೂ ನನ್ನ ಮಾತು ನಂಬಿ.

ಶನಿವಾರ ಬೆಳಗ್ಗೆ ಅವಳ ಮನೆಗೆ ಹೋದೆ. ಕಿಟಕಿ ಪಕ್ಕದ ಮೇಜಿನ ಮೇಲೆ ಎಲ್ಲಾ ಸಿದ್ಧವಾಗಿತ್ತು, ಹತ್ತಿ, ಪಾಲಿಶ್ ತೆಗೆಯುವ ಶೀಶೆ, ಸಣ್ಣ ಸ್ಕ್ರೂಡ್ರೈವರ್. ಬಂದಿದ್ದು ಒಳ್ಳೇದಾಯ್ತು, ಟಾರ್ಚ್ ಹಿಡೀರಿ ಅಂದಳು. ಹಿಡಿದೆ. ಅವಳ ಕೂದಲು ನನ್ನ ಗಲ್ಲಕ್ಕೆ ತಾಗುವಷ್ಟು ಹತ್ತಿರದಲ್ಲಿತ್ತು.

"ಒಂದು ಮಾತು ಹೇಳ್ತೀನಿ, ನಗಬಾರದು," ಅಂದಳು ತಲೆ ಎತ್ತದೆ. "ನನ್ನ ಹಳೇ ಗಂಡ ಇದ್ನಲ್ಲ, ನಾನು ಟೈಮ್ ಎಷ್ಟು ಅಂತ ಹೇಳಿದ್ರೂ ಎದ್ದು ಹೋಗಿ ಗಡಿಯಾರ ನೋಡಿಕೊಂಡು ಬರೋನು. ಹದಿನಾಲ್ಕು ವರ್ಷ. ನಿಮ್ಮ ಆರು ನೋಡಿದ ದಿನ ನಾನು ಮೆಟ್ಟಿಲ ಮೇಲೆ ಕೂತು ಸ್ವಲ್ಪ ಅತ್ತೆ."

ಅವಳು ಹತ್ತಿಯನ್ನು ಶೀಶೆಯಲ್ಲಿ ಅದ್ದಿದಳು.

"ರೋವೀನಾ, ನಿಲ್ಲಿಸಿ. ನನಗೆ ಬಂದದ್ದು ಆರಲ್ಲ. ಎರಡು."

ಹತ್ತಿ ಅಲ್ಲೇ ನಿಂತಿತು. ಅವಳು ಕೂಗಾಡಲಿಲ್ಲ. ಮೀಟರ್ ಎಷ್ಟು ಹೊತ್ತು ಬಿಸಿ ಮಾಡಿದಿರಿ, ಕೋಣೆ ಎಷ್ಟು ತಣ್ಣಗಿತ್ತು, ಎಷ್ಟು ಸಲ ಅಳೆದಿರಿ ಅಂತ ಒಂದೊಂದಾಗಿ ಕೇಳಿದಳು. ಹೇಳಿದೆ. ಎಲ್ಲಾ ಆದ ಮೇಲೆ ಕೇಳಿದಳು, "ಮತ್ತೆ ಆರು ಯಾಕೆ?"

"ಮಡಿಕೆ ಎತ್ತಿದ್ದೆ. ನೀವು ಬರೆದದ್ದು ಓದೋ ಆಸೆಗೆ. ನನಗೆ ನೀವು ಇಷ್ಟ. ಆ ಚಾಪೆಲ್ ಹಾಲಿನಿಂದಲೇ ಇಷ್ಟ. ನೀವು ಹೇಳಿದ್ದಕ್ಕೆ ಎದುರು ಬರೆಯೋಕೆ ಕೈ ಬರಲಿಲ್ಲ."

ಮೂರು ವರ್ಷಕ್ಕೂ ಮೇಲೆ ಬಚ್ಚಿಟ್ಟ ಮಾತು, ಹೇಳಿದ ಹೊತ್ತು ನೋಡಿ ಎಂಥದ್ದು. ಅವಳು ಶೀಶೆಯ ಮುಚ್ಚಳ ಬಿಗಿಯಾಗಿ ತಿರುಗಿಸಿದಳು.

"ಅವನು ನನ್ನನ್ನ ಯಾವತ್ತೂ ನಂಬಲಿಲ್ಲ," ಅಂದಳು. "ನೀವು ಸುಮ್ಮಸುಮ್ಮನೆ ನಂಬಿದ್ರಿ. ಎರಡರಲ್ಲೂ ನಾನು ಹೇಳಿದ್ದು ಸರಿಯೋ ತಪ್ಪೋ ಅನ್ನೋದು ಯಾರಿಗೂ ಲೆಕ್ಕಕ್ಕೆ ಬರಲಿಲ್ಲ. ಟಾರ್ಚ್ ಅಲ್ಲಿಟ್ಟು ಹೋಗಿ."

ಹೋದೆ.

ಆರು ವಾರ ಸುದ್ದಿಯಿಲ್ಲ. ಕ್ಲಿಫರ್ಡ್‌ಗೂ ಫೋನ್ ಮಾಡಿ ಎಲ್ಲಾ ಒಪ್ಪಿಕೊಂಡೆ. ಅವನು ಬೊಟ್ಟು ಉಳೀತಾ ಅಂತ ಕೇಳಿದ. ಉಳೀತು ಅಂದೆ. ಹಾಗಾದ್ರೆ ಊಟ ಮಾಡು ಮಗಾ ಅಂದ. ಪೆಟ್ಟಿಗೆ ಅಂಚೆಯಲ್ಲಿ ಬರಬಹುದು ಅಂತ ದಿನಾ ಬಾಗಿಲು ನೋಡಿದೆ. ಬರಲಿಲ್ಲ.

ಮೇ ತಿಂಗಳ ಒಂದು ಭಾನುವಾರ ಬೆಳಗ್ಗೆ ಹತ್ತಕ್ಕೆ ಬೆಲ್ ಆಯ್ತು. ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ರೋವೀನಾ ನಿಂತಿದ್ದಳು, ಪುಸ್ತಕ ಕಂಕುಳಲ್ಲಿ. ಒಳಗೆ ಬಂದು, ಮೇಜಿನ ಮುಂದೆ ಕೂತು, ಪುಸ್ತಕ ತೆರೆದು, ಮಡಿಕೆಯ ಮೇಲೆ ಅಂಗೈ ಇಟ್ಟಳು.

"ಅಳೀರಿ," ಅಂದಳು. "ನಾನು ಕೈ ತೆಗೆಯಲ್ಲ."

"ಮೀಟರ್ ಬಿಸಿಯಾಗೋಕೆ ಎರಡು ಗಂಟೆ ಬೇಕು."

"ಗೊತ್ತು. ಟೀ ಮಾಡಿ."

ಆ ಎರಡು ಗಂಟೆಯಲ್ಲಿ ಅವಳು ಬಲಗೈಯನ್ನು ಅಲ್ಲಿಂದ ಕದಲಿಸಲಿಲ್ಲ, ಎಡಗೈಯಲ್ಲೇ ಟೀ ಕುಡಿದಳು, ನಾನು ಮಾಡಿದ ಶುಂಠಿ ಕೇಕು ತಿಂದಳು. ತಪ್ಪು ಎಲ್ಲಿತ್ತು ಅಂತ ಪತ್ತೆ ಮಾಡಿದ ಕಥೆ ಹೇಳುವಾಗ ಕಣ್ಣು ಹೊಳೀತಿದ್ವು. ಸ್ನಾನ ಮಾಡಿಸಿದ್ದೇ ಎಡವಟ್ಟಾಗಿತ್ತಂತೆ. ಮೀಟರಿನೊಳಗಿನ ಒಂದು ಸಣ್ಣ ಹಲಗೆಯ ಸಂದಿಯಲ್ಲಿ ಸೋಪು ನೀರಿನ ಪಸೆ ಉಳಿದು, ಅಂಕಿಯನ್ನು ಮೆಲ್ಲಗೆ ಮೇಲಕ್ಕೆ ತಳ್ಳಿತ್ತು. ಬಿಸಿನೀರಿನ ಟ್ಯಾಂಕಿನ ಪಕ್ಕದ ಕಪಾಟಿನಲ್ಲಿ ಅದನ್ನು ಒಂದು ತಿಂಗಳು ಒಣಗಿಸಿದಳಂತೆ, ದಿನಾ ಅಳೆದು ಬರೆದುಕೊಂಡಳಂತೆ. ನಿಮ್ಮ ಸೋಮಾರಿತನ ನಿಮ್ಮ ಮೀಟರನ್ನ ಕಾಪಾಡಿತು ಅಂದಳು. ಜೇಡ ಎಲ್ಲಿ ಅಂತ ಕೇಳಿದಳು. ತೋರಿಸಿದೆ, ಇನ್ನೂ ಅಲ್ಲೇ ಇತ್ತು. ಅವಳ ತುಟಿಯ ಒಂದು ಕೊನೆ ಮಾತ್ರ ನಕ್ಕಿತು.

ಹನ್ನೆರಡು ದಾಟಿತು. ನಾನು ಗುಂಡಿಗಳನ್ನು ತಿರುಗಿಸಿದೆ. ಮೊದಲನೆಯದರಲ್ಲಿ ಹತ್ತು, ಆಮೇಲೆ ಸೊನ್ನೆ, ಸೊನ್ನೆ, ಸೊನ್ನೆ. ಕೊನೆಯ ಗುಂಡಿಯಲ್ಲಿ ಮುಳ್ಳು ಸೊನ್ನೆಗೆ ಬಂದು ನಿಂತಿತು. ನೋಡಿದರೆ ಮೂರು.

ಅವಳಿಗೆ ನಾನು ಹೇಳಿದ್ದು ಎರಡು. ಈಗ ಮೂರು ಅಂದರೆ ಆವತ್ತಿನದೂ ಸುಳ್ಳು ಅಂದುಕೊಳ್ತಾಳೆ. ಅವಳ ಅಂಗೈ ಕೆಳಗಿರೋದು ಎರಡೇ ಇರಬೇಕು. ಪೆನ್ನು ತಗೊಂಡೆ. ಅವಳು ಮುಳ್ಳನ್ನು ನೋಡ್ತಿರಲಿಲ್ಲ, ಗುಂಡಿಗಳನ್ನೂ ನೋಡ್ತಿರಲಿಲ್ಲ. ನನ್ನ ಕಿವಿಯನ್ನು ನೋಡ್ತಿದ್ದಳು.

10.0003 ಅಂತ ಬರೆದೆ. ಜೋರಾಗಿ ಓದಿಯೂ ಹೇಳಿದೆ.

"ಆವತ್ತು ಎರಡು ಅಂದಿದ್ರಿ."

"ಆವತ್ತು ಎರಡು ಬಂದಿತ್ತು. ಇವತ್ತು ಮೂರು ಬಂದಿದೆ."

ಅವಳು ಅಂಗೈ ಎತ್ತಿ ಮಡಿಕೆ ಬಿಡಿಸಿದಳು. 10.0002. ಕೆಳಗೆ ಅವಳ ಕೈಬರಹದ ಒಂದು ಸಾಲು: ಈ ಸಲ ಪೆಟ್ಟಿಗೆಯನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತಗೊಂಡು ಹೋಗ್ತೀನಿ, ಆ ಮನುಷ್ಯ ನನ್ನ ಮುಂದೆ ನನಗೆ ಎದುರಾಗಿ ನಿಜ ಬರೀತಾನಾ ನೋಡಬೇಕು.

ನಾನು ಎರಡು ಸಲ ಓದಿದೆ. ಅಕ್ಷರ ಕದಡಿದ ಹಾಗೆ ಕಂಡಿತು.

"ಎರಡು ಅಂತ ಬರೆದಿದ್ರೆ ಎದ್ದು ಹೋಗ್ತಿದ್ದೆ," ಅಂದಳು.

"ನಿಜವಾಗಲೂ ಎರಡೇ ಬಂದಿದ್ರೆ?"

"ಆಗ ನಿನ್ನ ಕಿವಿ ಬೆಳ್ಳಗಿರ್ತಿತ್ತು." ಅವಳ ಕೈ, ಎರಡು ಗಂಟೆ ಪುಸ್ತಕದ ಮೇಲಿದ್ದು ಬೆಚ್ಚಗಾಗಿದ್ದ ಕೈ, ನನ್ನ ಕಿವಿಯನ್ನು ಮುಟ್ಟಿತು. "ನಂಗೂ ನೀನು ಇಷ್ಟ ಕಣೋ. ಆದ್ರೆ ಇನ್ನು ಮೇಲೆ ನಾನು ಟೈಮ್ ತಪ್ಪು ಹೇಳಿದ್ರೆ, ತಪ್ಪು ಅಂತ ಹೇಳು."

"ಈಗ ಎಷ್ಟು ಗಂಟೆ?" ಅಂತ ಕೇಳಿದೆ.

"ಹನ್ನೆರಡೂಕಾಲು."

ಗೋಡೆ ಗಡಿಯಾರ ನೋಡಿದೆ. "ಹನ್ನೆರಡೂ ಇಪ್ಪತ್ತು," ಅಂದೆ, ಅವಳು ನಕ್ಕು ನನ್ನ ಹೆಗಲಿಗೆ ಹಣೆ ಒರಗಿಸಿದಳು.

ಈ ಶರತ್ಕಾಲದಿಂದ ಪೆಟ್ಟಿಗೆ ನಮ್ಮಿಬ್ಬರಿಗೂ ಸೇರಿ ಒಂದೇ ವಿಳಾಸಕ್ಕೆ ಬರುತ್ತೆ. ಅಂಚೆ ಖರ್ಚು ಉಳೀತು ಅಂತ ಐವರ್ ಅಣಕಿಸಿದ. ಈನಿಡ್‌ಳ ಬೊಟ್ಟು ಹಾಗೇ ಇದೆ. ಕಿಟಕಿ ಪಕ್ಕದ ಮೇಜಿನ ಮೇಲೆ ಎರಡು ಮೀಟರ್ ಅಕ್ಕಪಕ್ಕ ಕೂತಿವೆ, ಹೊಳೆಯೋದು ಒಂದು, ಜೇಡದ್ದು ಒಂದು. ಒಬ್ಬರಿಗೊಬ್ಬರು ಬೆನ್ನು ಮಾಡಿ ಬರೀತೀವಿ, ಮಡಿಕೆ ಅಂಟಿಸ್ತೀವಿ, ಆಮೇಲೆ ಬಿಡಿಸ್ತೀವಿ. ಇವತ್ತಿಗೂ ಒಂದು ಅಂಕಿ ವ್ಯತ್ಯಾಸ ಬರುತ್ತೆ. ಅದನ್ನು ಸರಿಮಾಡೋಕೆ ಇಬ್ಬರೂ ಹೋಗಿಲ್ಲ.